ಪುನರುಕ್ತಿಪ್ರಶಂಸೆ

ಆಡಿದ ಮಾತನ್ನೇ ಮತ್ತೆ ಆಡುವುದು ಕಾವ್ಯದೋಷವೆಂದು ಆಲಂಕಾರಿಕರು ಎಂದೋ ವಿಧಿಸಿಬಿಟ್ಟಿದ್ದಾರಾದರೂ, ಆ ದೋಷವನ್ನೇ ಉಂಡು ಬಾಳುವ ವಿದ್ಯೆಯೊಂದು ಗಣಕಯಂತ್ರದಲ್ಲಿ ಉಂಟು. ಕಡತಗಳನ್ನು ಕುಗ್ಗಿಸುವ ಈ ವಿದ್ಯೆಗೆ ಲೆಂಪೆಲ್ ಮತ್ತು ಜಿವ್ ಎಂಬ ವಿದ್ವಾಂಸರು 1977ರಲ್ಲಿ ರಚಿಸಿದ ಸೂತ್ರದ ತಾತ್ಪರ್ಯವಿಷ್ಟೆ: ಒಮ್ಮೆ ಬಂದ ಅಕ್ಷರಸಮೂಹವು ಮರಳಿ ಬಂದಲ್ಲಿ ಅದನ್ನು ಬರೆಯದೆ, ಎಷ್ಟು ಹಿಂದಕ್ಕೆ ಹೋಗಿ ಎಷ್ಟು ಅಕ್ಷರಗಳನ್ನು ಎತ್ತಿಕೊಳ್ಳಬೇಕೆಂಬುದನ್ನು ಮಾತ್ರ ಸೂಚಿಸತಕ್ಕದ್ದು. 1989ರಲ್ಲಿ ಫಿಲ್ ಕಾಟ್ಜ್ ಪ್ರಚುರಪಡಿಸಿದ ಜಿಪ್ ಕಡತವೂ ಇದೇ ವಂಶದ್ದು.

ಇದರ ಮಹಿಮೆಯನ್ನು ಅರಿಯಬೇಕಾದರೆ ಹೊನ್ನಾವರದ ಮನೆಯೊಂದರಿಂದ ಕುಮಟೆಯ ಮುದ್ರಣಾಲಯಕ್ಕೆ ಹೋಗುವ ಲಗ್ನಪತ್ರಿಕೆಯನ್ನು ನೋಡಬೇಕು. ಮುದ್ರಣಾಲಯದ ಹುಡುಗನು ‘ಮಾಸ್ತರೇ, ಎಲ್ಲಾ ಒಟ್ಟಿಗೆ ಜಿಪ್ ಮಾಡಿ ಕಳ್ಸಿ’ ಎನ್ನುವುದೇ ತಡ, ಶ್ರೀಮತಿ ಮತ್ತು ಶ್ರೀಗಳ ಆ ದೀರ್ಘ ಪರಂಪರೆ, ಸಾಲುಸಾಲಾಗಿ ನಿಂತ ಹೆಗಡೆಯವರು, ಭಟ್ಟರು, ಸಕುಟುಂಬ ಸಪರಿವಾರರಾಗಿ ಬರಬೇಕೆಂಬ ಪ್ರಾರ್ಥನೆ, ಇವೆಲ್ಲವೂ ಅಂಗೈಯಗಲಕ್ಕೆ ಇಳಿದುಬಿಡುತ್ತವೆ. ಹೇಗೂ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್‌ಗಳು. ಅವುಗಳಲ್ಲಿ ಮೊದಲನೆಯದು ಸದಾ ಒಂದೇ, ಎರಡನೆಯದು ಇಬ್ಬರಲ್ಲೊಬ್ಬರು. ಕನ್ನಡಿಗನು ಬಾಯ್ದೆರೆಯುವ ಮೊದಲೇ ಪುನರುಕ್ತಿ ಪ್ರಾರಂಭವಾಗಿರುತ್ತದೆಂದಾಯಿತು. ಜಿಪ್‌ನ ಸ್ಮರಣೆಯಾದರೋ ಸಾಮಾನ್ಯವಾಗಿ ಹಿಂದಿನ 32 ಕಿಲೋಬೈಟುಗಳಿಗೆ ಸೀಮಿತ. ಅದಕ್ಕೂ ಹಿಂದಿನದನ್ನು ಅದು ಮರೆತುಬಿಡುತ್ತದೆ. ಪತ್ರಿಕೆಯಲ್ಲಿ ಹೆಸರು ಬಿಟ್ಟುಹೋದ ಚಿಕ್ಕಪ್ಪಂದಿರಿಗೆ ಇಂಥ ಉದಾರವಾದ ಮರೆವು ಇದುವರೆಗೂ ಲಭಿಸಿಲ್ಲ.

ಭಟ್ಕಳದಲ್ಲಿರುವ ನನ್ನ ಭಾವನಿಗೆ ಈ ಶಾಸ್ತ್ರದಲ್ಲಿ ಅಪಾರ ಶ್ರದ್ಧೆ. ಮುರುಡೇಶ್ವರದಲ್ಲಿ ತೆಗೆದ ಛಾಯಾಚಿತ್ರಗಳನ್ನೆಲ್ಲ ಒಂದು ಜಿಪ್ಪಿಗೆ ತುಂಬಿ, ಹೊರಬಂದ ಗಾತ್ರವನ್ನು ಕಂಡು ಅವನು ದೂರವಾಣಿಯಲ್ಲಿ ಅಲವತ್ತುಕೊಂಡನು: ‘ಭಾವಾ, ಎಷ್ಟು ಒತ್ತಿದ್ರೂ ಸಣ್ಣ ಆಜಿಲ್ಲೆ!’ ಜೆಪೆಗ್ ಚಿತ್ರವು ಕ್ಯಾಮೆರಾದೊಳಗೇ ಕುಗ್ಗಿಬಂದಿರುವುದರಿಂದ ಅದರಲ್ಲಿ ಮತ್ತೆ ಕುಗ್ಗಿಸಲು ಹೆಚ್ಚೇನೂ ಉಳಿದಿರುವುದಿಲ್ಲವೆಂದು ನಾನು ವಿವರಿಸಿದೆನು. ಮುರುಡೇಶ್ವರದ 123 ಅಡಿಯ ಶಿವನು ಮಣಿಯನೆಂಬುದೇ ನಿಜವಾದ ಕಾರಣವೆಂದು ಅವನ ನಂಬಿಕೆ.

ಭಾವನ ಯಂತ್ರದಲ್ಲಿ ಈ ಕುಗ್ಗಿಸುವ ಕೆಲಸಕ್ಕಿರುವುದು 1995ರಲ್ಲಿ ಬೆಳಕು ಕಂಡ ವಿನ್‌ರಾರ್ ಎಂಬ ತಂತ್ರಾಂಶ. 40 ದಿನ ಪರೀಕ್ಷಿಸಿ ನೋಡಿ, ಅನಂತರ ಹಣ ಕೊಡಿ ಎಂಬುದು ಅದರ ಕರಾರು. ಅವಧಿ ಕಳೆದ ಮೇಲೂ ಪ್ರತಿಸಲ ವಿನಯದಿಂದ ಜ್ಞಾಪಿಸಿ, ಕಿಟಕಿ ಮುಚ್ಚಿದೊಡನೆ ಮುಖ ಸಣ್ಣದು ಮಾಡಿಕೊಳ್ಳದೆ ಕೆಲಸಕ್ಕೆ ತೊಡಗುವ ಇಂಥ ಸಾಹುಕಾರನು ಭಟ್ಕಳದ ಪೇಟೆಯಿಂದ ಕುಮಟೆಯ ಪೇಟೆಯವರೆಗೆ ಹುಡುಕಿದರೂ ಸಿಕ್ಕಲಾರನು. ಕೊಟ್ಟುಬಿಡಬೇಕೆಂಬ ಸದ್ಬುದ್ಧಿ ಭಾವನಿಗೂ ಆಗಾಗ ಹುಟ್ಟುವುದುಂಟು. ಆದರೆ ಅಷ್ಟರಲ್ಲಿ ಕಡತ ತೆರೆದುಕೊಂಡುಬಿಟ್ಟಿರುತ್ತದೆ.