ಕಬಿನಿಯಿಂದ ಅಡುಗೆಮನೆಗೆ

ಕ್ಯಾಮೆರಾ ಕ್ಲಬ್ಬಿನ ಸದಸ್ಯನನ್ನು ಗುರುತಿಸಲು ಅವನ ಕ್ಯಾಮೆರಾ ನೋಡಬೇಕಾಗಿಲ್ಲ, ಜೇಬು ನೋಡಿದರೆ ಸಾಕು. ಮದುವೆಮನೆಯ ಫೋಟೋಗ್ರಾಫರ್ ಒಂದೇ ಜೇಬಿನ ಅಂಗಿಯಲ್ಲಿ ಧಾರೆ, ಆರತಕ್ಷತೆ, ಬೀಗರ ಊಟ ಎಲ್ಲ ಮುಗಿಸುತ್ತಾನೆ. ಪತ್ರಿಕೆಯವನಿಗೆ ಜೇಬಿಗಿಂತ ಮೊಣಕೈ ಮುಖ್ಯ. ಫೋಟೋದಿಂದ ಚಿಕ್ಕಾಸೂ ಹುಟ್ಟಿಸದೆ, ಫೋಟೋಕ್ಕೆಂದೇ ಪ್ರಾವಿಡೆಂಟ್ ಫಂಡಿನ ಒಂದು ಪಾಲು ಕರಗಿಸಿರುವ ಈ ಮಹಾಶಯ ಮಾತ್ರ ಮೈತುಂಬ ಜೇಬಿರುವ ಖಾಕಿ ಜಾಕೆಟ್ ತೊಡದೆ ಲಾಲ್‌ಬಾಗಿಗೂ ಕಾಲಿಡುವುದಿಲ್ಲ. ವಾರವಿಡೀ ಆತ ಬ್ಯಾಂಕಿನ ಅಧಿಕಾರಿ, ಹಲ್ಲಿನ ಡಾಕ್ಟರು, ಇಲ್ಲವೇ ಸಾಫ್ಟ್‌ವೇರ್ ಕಂಪನಿಯಲ್ಲಿ ಮನೆಯವರಿಗೂ ಅರ್ಥವಾಗದ ಹುದ್ದೆಯಲ್ಲಿರುವವನು. ಭಾನುವಾರ ನಸುಕಿನ ನಾಲ್ಕಕ್ಕೆ ನಂದಿಬೆಟ್ಟದ ದಾರಿಯಲ್ಲಿರುತ್ತಾನೆ. ಚಳಿಗಾಲಕ್ಕೆ ಕೊಕ್ಕರೆ ಬೆಳ್ಳೂರು. ಬೇಸಿಗೆಗೆ, ಹಿನ್ನೀರು ಇಳಿದು ಆನೆಗಳು ಹೊಸ ಹುಲ್ಲಿಗೆ ಹಿಂಡುಗಟ್ಟಿ ಬರುವ ಕಬಿನಿ. 1950ರಲ್ಲಿ ಯುರೋಪಿನಲ್ಲಿ ಹುಟ್ಟಿದ ಎಫ್‌ಐಎಪಿ ಎಂಬ ಅಂತರರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟ ಕೊಡುವ ಬಿರುದಿನ ಅಕ್ಷರಗಳು ಅವನ ಹೆಸರಿನ ಹಿಂದೆ ಇರುತ್ತವೆ, ಇಲ್ಲವೇ ಬರುವ ದಾರಿಯಲ್ಲಿರುತ್ತವೆ. ಅವನ ಹಾರ್ಡ್‌ಡಿಸ್ಕಿನಲ್ಲಿ ಹುಲಿಯ ಮೀಸೆಯ ಎಳೆ ಎಳೆಯೂ ಸಿಗುತ್ತದೆ. ಸ್ವಂತ ಮನೆಯ ಅಡುಗೆಮನೆಯ ಒಂದೇ ಒಂದು ಚಿತ್ರ ಸಿಗುವುದಿಲ್ಲ. ಕ್ಲಬ್ಬಿನಲ್ಲಿ ಹೆಂಗಸರೂ ಇದ್ದಾರೆ, ಹಲವರು ಗಂಡಸರಿಗಿಂತ ಚೆನ್ನಾಗಿ ಚಿತ್ರ ತೆಗೆಯುತ್ತಾರೆ. ಆದರೆ ಅವರು ಅಡುಗೆಮನೆಯನ್ನು ಮೊದಲೇ ಕಂಡವರಾದ್ದರಿಂದ ಈ ಬರಹದ ಕಥಾನಾಯಕರಾಗಲು ಅರ್ಹರಲ್ಲ.

ಇಂಥವನನ್ನು 2020ರ ಮಾರ್ಚ್ 25ರಂದು ದೇಶ ಮನೆಯೊಳಗೆ ಕೂಡಿಹಾಕಿತು. ಕಬಿನಿಯ ಸುಗ್ಗಿ ಆಗಷ್ಟೇ ಶುರುವಾಗಿತ್ತು, ರಿಸಾರ್ಟಿಗೆ ಕೊಟ್ಟ ಮುಂಗಡ ವಾಪಸು ಬರುವ ಲಕ್ಷಣವಿರಲಿಲ್ಲ. ಡ್ರೈ ಕ್ಯಾಬಿನೆಟ್ಟಿನಲ್ಲಿ ಆರುನೂರು ಎಂಎಂ ಲೆನ್ಸು ಫಂಗಸ್ ಬಾರದಂತೆ ಬೆಚ್ಚಗೆ ಕೂತಿತ್ತು. ಹತ್ತಡಿ ಅಗಲದ ಹಾಲಿನಲ್ಲಿ ಅದಕ್ಕೆ ಎದುರು ಗೋಡೆಯ ಮೇಲಿನ ಹಲ್ಲಿಯೂ ಫೋಕಸ್ ಆಗುತ್ತಿರಲಿಲ್ಲ. ಆದರೂ ಆ ತಿಂಗಳುಗಳಲ್ಲಿ ಈ ವರ್ಗದವರು ಹಿಂದೆಂದೂ ಇಲ್ಲದಷ್ಟು ಹೊಸ ಬಗೆಯ ಚಿತ್ರ ತೆಗೆದರು ಎಂಬುದನ್ನು ಅವರ ವೈರಿಗಳೂ ಒಪ್ಪುತ್ತಾರೆ. ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ಏಕಾಂತ: ಗದ್ದಲ ನಿಂತಿತು, ಬಿಡುವು ಸಿಕ್ಕಿತು, ಒಳಗಿನ ಕಲಾವಿದ ಎಚ್ಚೆತ್ತ. ಕೇಳಲು ಹಿತವಾಗಿದೆ, ಆದರೆ ನಿಜವಲ್ಲ. ಬಿಡುವು ಎಲ್ಲರಿಗೂ ಸಿಕ್ಕಿತ್ತು. ಬರೀ ಬಿಡುವಿನಿಂದ ಹುಟ್ಟಿದ್ದು ಡಾಲ್ಗೋನಾ ಕಾಫಿ. ನಮ್ಮ ಜಾಕೆಟ್ಟಿನವನನ್ನು ಎಬ್ಬಿಸಿ ಕೂರಿಸಿದ್ದು ಏಕಾಂತವಲ್ಲ, ಕ್ಲಬ್ಬು. ಇನ್ನೂ ಸ್ಪಷ್ಟವಾಗಿ ಹೇಳಬೇಕೆಂದರೆ ಕ್ಲಬ್ಬಿನ ವಾಯಿದೆ, ಮತ್ತು ಆ ವಾಯಿದೆಯೊಳಗೆ ತನಗಿಂತ ಒಳ್ಳೆಯ ಚಿತ್ರ ಕಳಿಸಿಬಿಡಬಹುದಾದ ಒಬ್ಬ ಸಹಸದಸ್ಯ.

ಕ್ಲಬ್ಬು ಮಾಡಿದ್ದು ದೊಡ್ಡ ಕೆಲಸವೇನಲ್ಲ. ಕಾರ್ಯದರ್ಶಿ ವಾಟ್ಸಾಪಿನಲ್ಲಿ ವಾರಕ್ಕೊಂದು ವಿಷಯ ಹಾಕಿದರು: ಈ ವಾರ ಗಾಜು, ಮುಂದಿನ ವಾರ ನೆರಳು, ಆಮೇಲೆ ಕಿಟಕಿ. ಶನಿವಾರ ರಾತ್ರಿಯೊಳಗೆ ಒಬ್ಬರಿಗೆ ಎರಡೇ ಚಿತ್ರ, ಹಳೆಯದನ್ನು ಕಳಿಸುವಂತಿಲ್ಲ. ಭಾನುವಾರ ಸಂಜೆ ಜೂಮ್‌ನಲ್ಲಿ ವಿಮರ್ಶೆ. ಪುಕ್ಕಟೆ ಜೂಮ್ ನಲವತ್ತು ನಿಮಿಷಕ್ಕೆ ಕಡಿದುಹೋಗುತ್ತದೆ. ಮೊದಲ ಹದಿನೈದು ನಿಮಿಷ "ಸಾರ್, ಮ್ಯೂಟ್‌ನಲ್ಲಿದ್ದೀರಿ" ಎನ್ನುವುದರಲ್ಲೇ ಮುಗಿಯುತ್ತದೆ. ಉಳಿದ ಹೊತ್ತಿನಲ್ಲಿ ಹಿರಿಯ ತೀರ್ಪುಗಾರರೊಬ್ಬರು ಹೈಲೈಟ್ ಬರ್ನ್ ಆಗಿದೆ, ಹಿನ್ನೆಲೆಯಲ್ಲಿ ಗಲೀಜಿದೆ, ಎಡಗಡೆ ಒಂದಿಷ್ಟು ಕ್ರಾಪ್ ಮಾಡಬಹುದಿತ್ತು ಎಂದು ತೀರ್ಪು ಕೊಡುತ್ತಾರೆ. ಎಡಗಡೆ ಕ್ರಾಪ್ ಮಾಡಬೇಕಿಲ್ಲದ ಚಿತ್ರ ಇದುವರೆಗೆ ಯಾವ ಕ್ಲಬ್ಬಿನ ಮುಂದೂ ಬಂದಂತಿಲ್ಲ. ನಮ್ಮವನು ಇದನ್ನೆಲ್ಲ ಸಹಿಸುತ್ತಾನೆ. ಅವನು ಸಹಿಸಲಾರದ್ದು ಇನ್ನೊಂದಿದೆ: ತಾನು ಒಗ್ಗರಣೆ ಸೌಟನ್ನು ಹತ್ತು ಕೋನದಿಂದ ತೆಗೆದು ಕಳಿಸಿದ ವಾರವೇ ಜಯನಗರದವರೊಬ್ಬರು ಅದೇ ಸೌಟಿನ ಬರೀ ನೆರಳು ತೆಗೆದು ಮೊದಲ ಬಹುಮಾನ ಹೊಡೆದದ್ದು. ಸೋಮವಾರ ಬೆಳಿಗ್ಗೆ ಅವನು ಮನೆಯ ಎಲ್ಲ ಪಾತ್ರೆಗಳ ನೆರಳನ್ನು ಪರೀಕ್ಷಿಸುತ್ತಿರುವುದಕ್ಕೆ ಕಾರಣ ಅಂತರಂಗದ ಕರೆಯಲ್ಲ, ಜಯನಗರ.

ಆ ಅಡುಗೆಮನೆ ವಾಸ್ತವ್ಯದಲ್ಲಿ ಅವನು ಕಲಿತದ್ದನ್ನು ಹಗುರವಾಗಿ ನೋಡಬಾರದು. ಪ್ಲಾಸ್ಟಿಕ್ ಚಮಚದ ಪ್ರಯೋಗವನ್ನೇ ತೆಗೆದುಕೊಳ್ಳಿ. ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯಿಂದ ಬರುವ ಬೆಳಕು ಮೊದಲೇ ಒಂದು ದಿಕ್ಕಿಗೆ ಕಟ್ಟುಬಿದ್ದಿರುತ್ತದೆ. ಪರದೆಯನ್ನು ಪೂರ್ತಿ ಬಿಳಿ ಮಾಡಿ, ಅದರ ಮುಂದೆ ಚಮಚ ಹಿಡಿದು, ಲೆನ್ಸಿಗೆ ಪೋಲರೈಸರ್ ಫಿಲ್ಟರ್ ಹಾಕಿ ನಿಧಾನವಾಗಿ ತಿರುಗಿಸಿದರೆ ಬಿಳಿ ಪರದೆ ಕಪ್ಪಾಗುತ್ತದೆ. ಆ ಕಪ್ಪಿನ ನಡುವೆ ಚಮಚ ಮಾತ್ರ ನೇರಳೆ, ಹಳದಿ, ಹಸಿರು ಪಟ್ಟೆಗಳಾಗಿ ಹೊಳೆಯುತ್ತದೆ. ಅಚ್ಚಿನಲ್ಲಿ ಎರಕವಾಗುವಾಗ ಪ್ಲಾಸ್ಟಿಕ್ಕಿನೊಳಗೆ ಉಳಿದುಹೋದ ಬಿಗಿತವೇ ಹೀಗೆ ಬಣ್ಣವಾಗಿ ಕಾಣುವುದು. ಕೆರೆಯ ನೀರಿನ ಮೇಲಿನ ಹೊಳಪು ತೆಗೆಯಲು ಎಂದು ಕೊಂಡು ವರ್ಷಗಟ್ಟಲೆ ಬಳಸಿದ ಫಿಲ್ಟರಿಗೆ ಈ ವಿದ್ಯೆಯೂ ಗೊತ್ತಿದೆ ಎಂಬುದು ಅವನಿಗೆ ತಿಳಿದದ್ದೇ ಆಗ. "ಏನ್ರೀ, ಆ ಸ್ಟೂಲ್ ಮೇಲಿಂದ ಇಳೀರಿ, ಉಪ್ಪಿಟ್ಟಿಗೆ ರವೆ ಡಬ್ಬ ಬೇಕು" ಎಂಬ ಕೂಗು ಈ ಸಂಶೋಧನೆಯ ಹಿನ್ನೆಲೆ ಸಂಗೀತ. ಎಲ್ಲ ಪ್ರಯೋಗವೂ ಹೀಗೆ ಫಲಿಸಲಿಲ್ಲ. ಏಪ್ರಿಲ್ 5ರ ರಾತ್ರಿ ಒಂಬತ್ತಕ್ಕೆ ಒಂಬತ್ತು ನಿಮಿಷ ದೀಪ ಆರಿಸಿ ಹಣತೆ ಹಚ್ಚಿ ಎಂದು ಪ್ರಧಾನಿ ಕರೆಕೊಟ್ಟಾಗ ಊರ ತಾರಸಿಗಳ ಮೇಲೆ ಟ್ರೈಪಾಡುಗಳು ಎದ್ದು ನಿಂತವು. ಲಾಂಗ್ ಎಕ್ಸ್‌ಪೋಷರಿನ ನಾಯ್ಸ್ ತೆಗೆಯುವ ಸೆಟ್ಟಿಂಗನ್ನು ಆಫ್ ಮಾಡಲು ಮರೆತವರು ಐದು ನಿಮಿಷ ಶಟರ್ ತೆರೆದರು. ಮುಚ್ಚಿದ ಮೇಲೆ ಕ್ಯಾಮೆರಾ ತನ್ನ ಲೆಕ್ಕದಂತೆ ಇನ್ನೂ ಐದು ನಿಮಿಷ ಕಪ್ಪು ಫ್ರೇಮ್ ತೆಗೆಯುತ್ತ ಕೂತಿತು. ಅಷ್ಟರಲ್ಲಿ ಎಲ್ಲರ ಮನೆಯ ಟ್ಯೂಬ್‌ಲೈಟೂ ಹೊತ್ತಿಕೊಂಡಿತ್ತು.

ನನ್ನ ಮಾತಿಗೆ ಬಲವಾದ ಸಾಕ್ಷಿ ಮಾತ್ರ ಚಮಚವಲ್ಲ, ಉತ್ತರದ ಕಿಟಕಿ. ಕ್ಲಬ್ಬುಗಳಲ್ಲಿ ತಲೆಮಾರುಗಳಿಂದ ಬಾಯಿಪಾಠವಾಗಿ ಬಂದಿರುವ ಸೂತ್ರವೊಂದಿದೆ: ಮೃದುವಾದ, ನೆರಳು ಗಟ್ಟಿಯಾಗದ ಬೆಳಕು ಬೇಕೆಂದರೆ ಉತ್ತರದ ಕಿಟಕಿ ಹುಡುಕು, ಅಲ್ಲಿಗೆ ನೇರ ಬಿಸಿಲು ಬರುವುದಿಲ್ಲ. ಲಂಡನ್ನಿನಲ್ಲೋ ಪ್ಯಾರಿಸ್ಸಿನಲ್ಲೋ ಸೂರ್ಯ ಮಧ್ಯಾಹ್ನ ಸದಾ ದಕ್ಷಿಣಕ್ಕೇ ಇರುತ್ತಾನಾದ್ದರಿಂದ ಅಲ್ಲಿನ ಸ್ಟುಡಿಯೋಗಳಿಗೆ ಇದು ಸರಿ. ಬೆಂಗಳೂರು ಇರುವುದು ಹದಿಮೂರು ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಸುಮಾರಿಗೆ ಇಲ್ಲಿ ನಡುಮಧ್ಯಾಹ್ನ ಸೂರ್ಯ ನೆತ್ತಿಗೆ ಬರುತ್ತಾನೆ, ನೆಟ್ಟ ಕಂಬಕ್ಕೆ ನೆರಳೇ ಇರುವುದಿಲ್ಲ. ಆಮೇಲೆ ಆಗಸ್ಟ್ 18ರ ಸುಮಾರಿನವರೆಗೂ ಮಧ್ಯಾಹ್ನದ ಸೂರ್ಯ ಇರುವುದು ಉತ್ತರಕ್ಕೇ. ಅಂದರೆ ಮೇ ತಿಂಗಳಲ್ಲಿ ನಮ್ಮ ಉತ್ತರದ ಕಿಟಕಿಯ ಹೊಸ್ತಿಲಿಗೆ ಬಿಸಿಲು ಬಂದು ಕೂರುತ್ತದೆ, ದಕ್ಷಿಣದ ಕಿಟಕಿ ತಣ್ಣಗಿರುತ್ತದೆ. ಈ ಊರಿನಲ್ಲಿ ಇಷ್ಟು ವರ್ಷ ಫೋಟೋ ತೆಗೆದವರು ಇದನ್ನು ಗಮನಿಸಲಿಲ್ಲವೇ? ಗಮನಿಸಲು ಮೇ ತಿಂಗಳ ಮಧ್ಯಾಹ್ನ ಯಾರು ಮನೆಯಲ್ಲಿದ್ದರು! ಬರೀ ಮನೆಯಲ್ಲಿದ್ದದ್ದೂ ಸಾಲದು. ಪಕ್ಕದ ಮನೆಯ ಪೆನ್ಷನ್‌ದಾರರು ಪ್ರತಿ ಮೇ ತಿಂಗಳೂ ಆ ಬಿಸಿಲಿಗೆ ಕರ್ಟನ್ ಎಳೆದು ಮಲಗಿದವರೇ. 'ಕಿಟಕಿ ಬೆಳಕು' ಎಂಬ ವಾರದ ವಿಷಯಕ್ಕೆ ಉತ್ತರದ ಕಿಟಕಿಯಲ್ಲಿ ಮಾವಿನಕಾಯಿ ಇಟ್ಟು, ಅದರ ಮೇಲೆ ಸುಟ್ಟು ಬಿಳಿಚಿದ ಕಲೆ ಕಂಡು, ಜೂಮ್‌ನಲ್ಲಿ ಅವಮಾನವಾದಾಗಲೇ ಸೂತ್ರದ ಮೇಲೆ ಅನುಮಾನ ಹುಟ್ಟುವುದು. ಬಿಡುವು ಬಿಸಿಲನ್ನು ತೋರಿಸಿತು, ನಿಜ. ಅದಕ್ಕೊಂದು ಪ್ರಶ್ನೆ ಹಚ್ಚಿದ್ದು ಕ್ಲಬ್ಬು.

ಇಲ್ಲಿ ತಿಳಿದವರು ತಕರಾರು ತೆಗೆಯುತ್ತಾರೆ. ಕಿಟಕಿಯಿಂದ ಚಿತ್ರ ತೆಗೆದ ಮಹಾನುಭಾವರೆಲ್ಲ ಒಂಟಿಗಳೇ ಅಲ್ಲವೇ, ಅವರಿಗೆ ಯಾವ ಕ್ಲಬ್ಬಿತ್ತು, ಎಂದು. ಉಳಿದು ಬಂದಿರುವ ಕ್ಯಾಮೆರಾ ಚಿತ್ರಗಳಲ್ಲಿ ಅತಿ ಹಳೆಯದು, 1827ರ ಸುಮಾರಿನದು, ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ ತನ್ನ ಮನೆಯ ಮಹಡಿಯ ಕಿಟಕಿಯಿಂದ ತೆಗೆದದ್ದು. ಪ್ರಾಗ್ ನಗರದ ಯೋಸೆಫ್ ಸುಡೆಕ್, ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡವನು, ನಾಜಿಗಳು ಊರನ್ನು ಆಳುತ್ತಿದ್ದ 1940ರಿಂದ ಹಿಡಿದು 1954ರವರೆಗೆ ತನ್ನ ಸ್ಟುಡಿಯೋದ ಒಂದೇ ಕಿಟಕಿಯ ಮಂಜು ಕಟ್ಟಿದ ಗಾಜನ್ನು ಮತ್ತೆ ಮತ್ತೆ ತೆಗೆದ. ತಕರಾರು ಗಟ್ಟಿಯಾಗಿದೆ; ಆದರೆ ಈ ಒಂಟಿಗಳ ಜಾತಕ ಬಿಡಿಸಿ ನೋಡಿ. ನಿಯೆಪ್ಸ್ 1827ರಲ್ಲಿ ಇಂಗ್ಲೆಂಡಿಗೆ ಹೋದಾಗ ತನ್ನ ಕೆಲಸವನ್ನು ರಾಯಲ್ ಸೊಸೈಟಿಯ ಮುಂದಿಡಲು ನೋಡಿದ. ವಿಧಾನದ ಗುಟ್ಟು ಪೂರ್ತಿ ಬಿಟ್ಟುಕೊಡಲಿಲ್ಲವೆಂದು ಅವರು ತೆಗೆದುಕೊಳ್ಳಲಿಲ್ಲ. ಜಗತ್ತಿನ ಮೊದಲ ಛಾಯಾಗ್ರಾಹಕನೇ ಎಂಟ್ರಿ ತಿರಸ್ಕೃತವಾದ ಮೊದಲಿಗನೂ ಹೌದು, ಅದೂ ನಿಯಮ ಪಾಲಿಸದ ಕಾರಣಕ್ಕೆ. ಸುಡೆಕ್ ಕ್ಲಬ್ಬಿನವನಲ್ಲ ಎನ್ನುವಂತೆಯೇ ಇಲ್ಲ: ಚಿತ್ರಕಲೆಯನ್ನು ಅನುಕರಿಸುವ ಫೋಟೋಗಳ ವಿರುದ್ಧ ಜಗಳ ತೆಗೆದು ಕ್ಲಬ್ಬಿನಿಂದ ಹೊರಗೆ ಹಾಕಿಸಿಕೊಂಡ, 1924ರಲ್ಲಿ ಗೆಳೆಯರ ಜೊತೆ ಸೇರಿ ಇನ್ನೊಂದು ಸೊಸೈಟಿ ಕಟ್ಟಿದ. ಅಡುಗೆಮನೆ ತರಕಾರಿಗೆ ಮೋಕ್ಷ ಕೊಟ್ಟ ಎಡ್ವರ್ಡ್ ವೆಸ್ಟನ್ 1930ರಲ್ಲಿ ದೊಣ್ಣೆ ಮೆಣಸಿನಕಾಯಿಯೊಂದನ್ನು ತಗಡಿನ ಆಲಿಕೆಯೊಳಗೆ ಕೂರಿಸಿ ಆ ಪ್ರಸಿದ್ಧ ಚಿತ್ರ ತೆಗೆದ. ಎರಡೇ ವರ್ಷಕ್ಕೆ ಎಫ್/64 ಎಂಬ ಗುಂಪಿನ ಸ್ಥಾಪಕರಲ್ಲೊಬ್ಬನಾಗಿ ಪ್ರಣಾಳಿಕೆಯನ್ನೂ ಹೊರಡಿಸಿದ. ಛಾಯಾಗ್ರಹಣದ ಇತಿಹಾಸದಲ್ಲಿ ಕ್ಲಬ್ಬನ್ನು ಬೈದು ಹೊರಟವರು ಬೇಕಾದಷ್ಟಿದ್ದಾರೆ. ಹಾಗೆ ಹೊರಟವರು ಒಂಟಿಯಾಗಿಯೇ ಉಳಿದದ್ದು ಮಾತ್ರ ಕಡಿಮೆ.

ಹತ್ತಿರದ ಉದಾಹರಣೆ ಕೊಡುವವರು ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರ ಹೆಸರು ಎತ್ತುತ್ತಾರೆ: ಮೂಡಿಗೆರೆಯ ಮನೆಯ ಸುತ್ತಲೇ ಅಷ್ಟು ಹಕ್ಕಿಗಳನ್ನು ತೆಗೆದರಲ್ಲ! ತೆಗೆದರು. ಆದರೆ ಅವರ ಹಿತ್ತಿಲಿನಾಚೆ ಪಶ್ಚಿಮಘಟ್ಟವಿತ್ತು, ಬರೆದದ್ದನ್ನು ಕಾದು ಓದುವ ಒಂದು ನಾಡೇ ಇತ್ತು. ಬಿಟಿಎಂ ಲೇಔಟಿನ ಮೂರನೇ ಮಹಡಿಯವನಿಗೆ ಇರುವುದು ಒಣಹಾಕಿದ ಬಟ್ಟೆ, ಮತ್ತು ಜೂಮ್‌ನ ಸಣ್ಣ ಚೌಕಗಳಲ್ಲಿ ಕೂತ ಮೂವತ್ತು ಮುಖ. ಬೆಂಗಳೂರಿನ ವನ್ಯಜೀವಿ ಛಾಯಾಗ್ರಹಣದ ಪರಂಪರೆಯೂ ಒಬ್ಬರಿಂದೊಬ್ಬರಿಗೆ ದಾಟಿ ಬಂದದ್ದೇ, ಟಿ.ಎನ್.ಎ. ಪೆರುಮಾಳ್ ಪಳಗಿದ್ದು ಓ.ಸಿ. ಎಡ್ವರ್ಡ್ಸ್ ಅವರ ಬಳಿ, ಪೆರುಮಾಳರ ಬಳಿ ಪಳಗಿದವರು ಲೆಕ್ಕವಿಲ್ಲದಷ್ಟು. 1971ರಲ್ಲಿ ಇಲ್ಲಿ ಶುರುವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಇನ್ನೂ ನಡೆಯುತ್ತಿದೆ. ಹೆಸರಿನ ಯೂತ್ ಹಾಗೇ ಇದೆ, ಸದಸ್ಯರ ಬಗ್ಗೆ ಕೇಳಬಾರದು.

ಕ್ಲಬ್ಬಿನ ನಿಯಮಗಳು ಸೃಜನಶೀಲತೆಯ ಕತ್ತು ಹಿಸುಕುತ್ತವೆ ಎಂಬ ದೂರೂ ಇದೆ. ಹಿಸುಕುತ್ತವೆ, ಅನುಮಾನವಿಲ್ಲ. ನೇಚರ್ ವಿಭಾಗದಲ್ಲಿ ಮನುಷ್ಯನ ಕೈವಾಡ ಕಾಣಬಾರದು, ಸಾಕುಪ್ರಾಣಿ ಸಲ್ಲದು, ಬೆಳೆಸಿದ ಗಿಡ ಸಲ್ಲದು ಎಂದು ಅಂತರರಾಷ್ಟ್ರೀಯ ವ್ಯಾಖ್ಯೆ ಹೇಳುತ್ತದೆ. ಹಾಗಾಗಿ ಬಾಲ್ಕನಿಯ ತುಳಸಿ, ದಾಸವಾಳ, ಕೆಳಮನೆಯ ಬೆಕ್ಕು ಎಲ್ಲ ಒಂದೇ ಏಟಿಗೆ ಅನರ್ಹ. ಉಳಿದದ್ದು ಬಟ್ಟೆ ಒಣಹಾಕುವ ತಂತಿಗೆ ಬಂದು ಕೂತ ಸೂರಕ್ಕಿ. ಆದರೆ ಚಿತ್ರದ ಮೂಲೆಯಲ್ಲಿ ಒಂದು ನೀಲಿ ಬಟ್ಟೆ ಕ್ಲಿಪ್ಪು. ಮನುಷ್ಯ ಬದಲಿಸಿದ ಪರಿಸರಕ್ಕೆ ಹೊಂದಿಕೊಂಡ ಜೀವಿಯ ಕಥೆಗೆ ಮನುಷ್ಯನ ವಸ್ತು ಅವಿಭಾಜ್ಯವಾಗಿದ್ದರೆ ಅದಕ್ಕೆ ವಿನಾಯಿತಿಯುಂಟು ಎಂದು ಅದೇ ವ್ಯಾಖ್ಯೆ ಹೇಳುತ್ತದಲ್ಲ. ಕ್ಲಿಪ್ಪು ಕಥೆಗೆ ಅವಿಭಾಜ್ಯವೋ ಅಲ್ಲವೋ? ಇದರ ಮೇಲೆ ಎರಡು ಜೂಮ್ ಕಡಿದುಹೋಗುವಷ್ಟು ವಾದ ನಡೆಯುತ್ತದೆ. ಹೊರಗಿನವರಿಗೆ ನಗು ಬರುತ್ತದೆ. ಆದರೆ ನಗರದ ಹಕ್ಕಿ ನಮ್ಮ ಸಾಮಾನುಗಳ ನಡುವೆ ಹೇಗೆ ಬದುಕುತ್ತಿದೆ ಎಂಬ ಪ್ರಶ್ನೆಯನ್ನು ಅಷ್ಟು ಹೊತ್ತು ಚರ್ಚಿಸಿದವರು ಆ ವರ್ಷ ಊರಲ್ಲಿ ಬೇರೆ ಯಾರಿದ್ದರು? ಗೆಲ್ಲಬೇಕೆಂದು ಅವನು ಹಕ್ಕಿಯನ್ನು ದಿನವಿಡೀ ನೋಡಿದ. ಕ್ಲಿಪ್ಪಿಗೆ ಅಂಟಿದ ಜೇಡನ ಬಲೆಯನ್ನು ಅದು ಎಳೆದು ಒಯ್ಯುವುದನ್ನು ಕಂಡ, ಗೂಡಿಗೆ ಅದೇ ಅಂಟು ಎಂದು ತಿಳಿದ. ನಿಯಮ ಇಲ್ಲದಿದ್ದರೆ ಕ್ಲಿಪ್ಪನ್ನು ಫೋಟೋಶಾಪಿನಲ್ಲಿ ಅಳಿಸಿ ಊಟಕ್ಕೆ ಏಳುತ್ತಿದ್ದ.

ಎಲ್ಲಕ್ಕಿಂತ ಚುಚ್ಚುವ ಆಕ್ಷೇಪ ಬೇರೆ. ವಲಸೆ ಕಾರ್ಮಿಕರು ಮಕ್ಕಳನ್ನು ಹೆಗಲ ಮೇಲೆ ಹೊತ್ತು ಹೆದ್ದಾರಿಯಲ್ಲಿ ನಡೆಯುತ್ತಿದ್ದಾಗ ಇವರು ನೀರಿನಲ್ಲಿ ತೇಲಿಸಿದ ಎಣ್ಣೆ ಬಿಂದುಗಳ ಕೆಳಗೆ ಹೆಂಡತಿಯ ರೇಷ್ಮೆ ಸೀರೆ ಹಾಸಿ ಬಣ್ಣ ನೋಡುತ್ತಿದ್ದರಲ್ಲ! ಇದನ್ನು ತಮಾಷೆಯಲ್ಲಿ ತೇಲಿಸಿಬಿಡಲಾಗದು. ಆ ದಾರಿಗಳಲ್ಲಿ, ಆಮೇಲೆ ಸ್ಮಶಾನಗಳಲ್ಲಿ ನಿಂತು ಚಿತ್ರ ತೆಗೆಯುವ ಕೆಲಸವನ್ನು ಪತ್ರಿಕಾ ಛಾಯಾಗ್ರಾಹಕರು ಮಾಡಿದರು. ಭಾರತದ ಕೋವಿಡ್ ಚಿತ್ರಗಳಿಗಾಗಿ 2022ರ ಪುಲಿಟ್ಜರ್ ಬಂದ ರಾಯಿಟರ್ಸ್‌ನ ನಾಲ್ವರಲ್ಲಿ ದಾನಿಶ್ ಸಿದ್ದಿಕಿ ಆ ಹೊತ್ತಿಗೆ ಬದುಕಿರಲಿಲ್ಲ. ಪತ್ರಿಕೆಯವರಿಗೆ ಪಾಸಿತ್ತು, ಅನುಭವವಿತ್ತು, ಚಿತ್ರ ತಲುಪಿಸಬೇಕಾದ ಜಾಗವಿತ್ತು. ನಮ್ಮವನು ಅಲ್ಲಿಗೆ ಹೋಗಿದ್ದರೆ ಏನಾಗುತ್ತಿತ್ತೆಂದು ಅವನ ಹಳೆಯ ಪ್ರಶಸ್ತಿಗಳನ್ನು ನೋಡಿದವರಿಗೆ ಗೊತ್ತು: ಸುಕ್ಕುಗಟ್ಟಿದ ಮುಖ, ಗಾಢ ಕಪ್ಪು-ಬಿಳುಪು, ಕೆಳಗೆ 'ಬದುಕಿನ ಭಾರ' ಎಂಬ ಶೀರ್ಷಿಕೆ, ಐದು ಫೋಟೋ ಸಲೂನ್ ಸ್ಪರ್ಧೆಗಳಿಗೆ ಎಂಟ್ರಿ. ಅವನು ಮನೆಯಲ್ಲಿ ಸೀರೆ ಹಾಸಿಕೊಂಡು ಕೂತದ್ದು ಹೆದ್ದಾರಿಯವರಿಗೆ ಆದ ಸಣ್ಣ ಉಪಕಾರವೇ. ಇನ್ನು, ತೆಗೆದ ಚಿತ್ರಗಳಲ್ಲಿ ಬಹುಪಾಲು ಕೆಟ್ಟವು ಎಂದರೆ, ಒಪ್ಪಿದೆ. ನಂದಿಬೆಟ್ಟದ ಸೂರ್ಯೋದಯಗಳೂ ಹಾಗೇ ಇದ್ದವು, ಪೆಟ್ರೋಲ್ ಖರ್ಚು ಬೇರೆ.

ಏಕಾಂತವೇ ಕಾರಣವಾಗಿದ್ದರೆ ಏಕಾಂತ ಮುಗಿದೊಡನೆ ಎಲ್ಲ ನಿಲ್ಲಬೇಕಿತ್ತು. ನಿಂತದ್ದು ಅರ್ಧ. ಸಫಾರಿ ಮತ್ತೆ ತೆರೆದಾಗ ಜಾಕೆಟ್ಟು ಮೊದಲ ಜೀಪಿನಲ್ಲೇ ಇತ್ತು, ಹುಲಿಯ ಮೀಸೆಗಳು ಮತ್ತೆ ಎಣಿಕೆಯಾದವು. ಆದರೆ ವಾರದ ವಿಷಯವನ್ನು ಉಳಿಸಿಕೊಂಡ ಗುಂಪುಗಳಲ್ಲಿ ಚಮಚಗಳೂ ಕಿಟಕಿಗಳೂ ಬರುತ್ತಲೇ ಇವೆ, ಅದನ್ನು ಕೈಬಿಟ್ಟಲ್ಲಿ ಹುಲಿಯೇ. ಕಾರ್ಯದರ್ಶಿ ಈ ವಾರ 'ಉಪ್ಪು' ಎಂದು ಹಾಕಿದ್ದಾರೆ. ಕಬಿನಿಯಿಂದ ರಾತ್ರಿ ಹನ್ನೊಂದಕ್ಕೆ ಬಂದವನು ಜಾಕೆಟ್ಟನ್ನೂ ಬಿಚ್ಚದೆ ಕಲ್ಲುಪ್ಪಿನ ಜಾಡಿ ಎಲ್ಲಿದೆಯೆಂದು ಹೆಂಡತಿಯನ್ನು ಕೇಳುತ್ತಿದ್ದಾನೆ. ಜಯನಗರದವರು ಆಗಲೇ ಕಳಿಸಿಬಿಟ್ಟಿದ್ದಾರಂತೆ.