ರೋಬೋಟಧಿಕಾರ ನಿರ್ಣಯ: ರಾಯದುರ್ಗದ ಜೀನ್ಸಿನ ಮೇಲೊಂದು ಭಾಷ್ಯ

ಯಾವ ಕೆಲಸಕ್ಕೆ ರೋಬೋಟು ಅಧಿಕಾರಿ, ಯಾವುದಕ್ಕೆ ಗುಮಾಸ್ತನೇ ಗತಿ ಎಂಬುದು ಪ್ರಸ್ತುತ ಗ್ರಂಥದ ವಿಷಯ. ರೋಬೋಟೆಂದರೆ ಕೈಕಾಲುಳ್ಳದ್ದಲ್ಲ, ಕಂಪ್ಯೂಟರಿನೊಳಗೆ ಕೂತು ಒಂದು ಪರದೆಯಲ್ಲಿದ್ದದ್ದನ್ನು ಇನ್ನೊಂದಕ್ಕೆ ಇಳಿಸುವ, ಚಹಾ ಕೇಳದ ಸಾಫ್ಟ್‌ವೇರು. ಪೂರ್ವಾಚಾರ್ಯರು ಲಕ್ಷಣ ಹೇಳಿದ್ದಾರೆ: ಕೆಲಸ ಮತ್ತೆ ಮತ್ತೆ ಬರಬೇಕು, ನಿಯಮದಂತೆ ನಡೆಯಬೇಕು, ಮಾಹಿತಿ ಮೊದಲೇ ಕಂಪ್ಯೂಟರಿನಲ್ಲಿರಬೇಕು, ಅಪವಾದ ಅಪರೂಪವಾಗಿರಬೇಕು. ಲಕ್ಷಣವೇನೋ ಸರಿಯೇ. ಆದರೆ ಅವರ್ಯಾರೂ ರಾಯದುರ್ಗದಲ್ಲಿ ಪ್ಯಾಂಟು ಹೊಲಿಸಿದವರಲ್ಲ.

ಬಳ್ಳಾರಿಯ ಸಾಹುಕಾರರೊಬ್ಬರು ಕತ್ತರಿಸಿದ ಡೆನಿಮ್ಮನ್ನು ಹೊಲಿಗೆಗೆ ರಾಯದುರ್ಗಕ್ಕೆ ಕಳಿಸುತ್ತಾರೆನ್ನಿ. 1953ರ ಅಕ್ಟೋಬರ್ 1ಕ್ಕೆ ಮೊದಲಾಗಿದ್ದರೆ ಇದು ಒಂದೇ ಜಿಲ್ಲೆಯೊಳಗಿನ ಗಾಡಿ ಬಾಡಿಗೆಯ ವಿಚಾರ (ಆಗ ಈ ಕಡೆ ಜೀನ್ಸಿರಲಿಲ್ಲ, ಇರಲಿ). ಅಂದು ಬಳ್ಳಾರಿ ಮೈಸೂರಿಗೆ, ರಾಯದುರ್ಗ ಆಂಧ್ರಕ್ಕೆ ಸೇರಿದವು. ಈಗ ಜಿಎಸ್‌ಟಿಯ ಕಣ್ಣಿಗೆ ಇದು ಅಂತರರಾಜ್ಯ ಪ್ರಯಾಣ. ಸಾಮಾನ್ಯವಾಗಿ ಸರಕಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ಲು. ಬೇರೆ ರಾಜ್ಯಕ್ಕೆ ಜಾಬ್‌ವರ್ಕಿಗೆ, ಅಂದರೆ ಹೀಗೆ ಹೊಲಿಗೆಗೆ, ಕಳಿಸಿದರೆ ಮಾತ್ರ ಬೆಲೆ ಎಷ್ಟೇ ಇರಲಿ, ಬಿಲ್ಲು ಬೇಕೇ ಬೇಕು. ಅದೇ ಹೆಸರು, ಅದೇ ನಂಬರು, ಅದೇ ಗಾಡಿ. ರೋಬೋಟು ಇಲ್ಲಿ ನಿಸ್ಸಂಶಯವಾಗಿ ಅಧಿಕಾರಿ. ಗಡಿ ಎಳೆದವರು ಅದಕ್ಕೆ ಅನ್ನವಿಟ್ಟು ಹೋಗಿದ್ದಾರೆ. ಸರಕು ಮಡಕಶಿರಾಕ್ಕೆ ಹೋಗುವುದಾದರೆ ಮಾತ್ರ, ಆ ಊರು 2022ರ ಏಪ್ರಿಲಿನಲ್ಲಿ ಅನಂತಪುರ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆ ಸೇರಿದ್ದನ್ನು ಯಾರಾದರೂ ಹೇಳಬೇಕು. ಹೇಳದಿದ್ದರೆ ಹಳೆಯ ಗುಮಾಸ್ತನಂತೆ ಅನಂತಪುರವೆಂದೇ ಬರೆಯುತ್ತಿರುತ್ತದೆ.

ಪೂರ್ವಪಕ್ಷ: ಹಾಗಾದರೆ ಹೊಲಿಗೆ ಕೂಲಿಯ ಚುಕ್ತಾವನ್ನೂ ಅದಕ್ಕೇ ಬಿಡಬಾರದೇಕೆ? ಪೀಸಿನ ರೇಟು ಗುಣಿಸು ಪೀಸುಗಳು. ನಾಲ್ಕೂ ಲಕ್ಷಣ ಕೂಡಿಬಂದಿವೆಯಲ್ಲ?

ಕೂಡಿಬಂದಿಲ್ಲ. ಸಾಹುಕಾರರ ಫೋನು ಬರುತ್ತದೆ: "ಜಿಪ್ಪು ಸೊಟ್ಟ ಐತಲ್ಲಪ್ಪ, ಈ ಸಲ ಅಡ್ಜಸ್ಟ್ ಮಾಡ್ಕ. ಉಳಿದದ್ದು ಅಮಾಸಿ ಆಗ್ಲಿ, ನೋಡಾಣ." ಅಮಾವಾಸ್ಯೆ ಪಂಚಾಂಗದಲ್ಲಿ ಸಿಗುತ್ತದೆ, 'ನೋಡಾಣ' ಯಾವ ಫಾರ್ಮಿನಲ್ಲೂ ಸಿಗದು. ಆದ್ದರಿಂದ ನಮ್ಮ ಸಿದ್ಧಾಂತ: ಯಾವ ಕೆಲಸದಲ್ಲಿ 'ಅಡ್ಜಸ್ಟ್' ಒಂದು ಸಲವಾದರೂ ಕೇಳಿಸುತ್ತದೋ ಅಲ್ಲಿ ರೋಬೋಟು ಅನಧಿಕಾರಿ.

ಸೊಟ್ಟ ಜಿಪ್ಪಿಗೆ ಇಷ್ಟು ಕಡಿತವೆಂದು ನಿಯಮ ಬರೆದರಾಯಿತು ಎಂಬುದು ಹೈದರಾಬಾದಿನವರ ಪಕ್ಷ. ಅಲ್ಲೂ ಒಂದು ರಾಯದುರ್ಗವಿದೆ, 2019ರಿಂದ ಮೆಟ್ರೋ ನಿಲ್ದಾಣ ಸಹಿತ. ಅವರು ಹೊಲಿಯುವುದು ಸಾಫ್ಟ್‌ವೇರು. ಈ ಪಕ್ಷ ನಿಲ್ಲದು. ಹಬ್ಬದ ಮುಂದೆ ಮಾಲಿಗೆ ಗಿರಾಕಿ ಕಾದಿದ್ದರೆ ಅದೇ ಜಿಪ್ಪು ನೆಟ್ಟಗಿರುತ್ತದೆ. ಹಬ್ಬ ಮುಗಿದು ಮಾಲು ಗೋದಾಮಿನಲ್ಲಿ ಉಳಿದ ಮೇಲೆಯೇ ಅದು ಸೊಟ್ಟಗಾಗುವುದು.