ಕಂಪ್ನಿ ಫಿಟ್ಟಿಂಗ್ ಭಾವ

ಹೊಸ ಕಾರು ಕೊಂಡವರಲ್ಲಿ ನಾನಾ ಜಾತಿ. ವರ್ಷ ಕಳೆದರೂ ಸೀಟಿನ ಪ್ಲಾಸ್ಟಿಕ್ ಕೀಳದವರು, ಸಿಕ್ಕಸಿಕ್ಕವರಿಗೆ ಮೈಲೇಜು ಒಪ್ಪಿಸುವವರು, ನೀವು ಬಾಗಿಲಿಗೆ ಕೈ ಹಾಕುವ ಮೊದಲೇ ‘ಮೆಲ್ಲಗೆ, ಮೆಲ್ಲಗೆ’ ಎಂದು ಹೌಹಾರುವವರು. ಇವರನ್ನೆಲ್ಲ ಸಹಿಸಬಹುದು. ಕಾರು ಇರುವುದು ಓಡಾಡಲಿಕ್ಕೆ ಎಂಬುದನ್ನೇ ಮರೆತು, ನಾಲ್ಕು ಚಕ್ರದ ಮೇಲೆ ಟಾಕೀಸು ಕಟ್ಟಿಸಿಕೊಂಡ ಇನ್ನೊಂದು ಜಾತಿ ಇದೆಯಲ್ಲ, ಅದು ಕಷ್ಟ. ಹೊಸದುರ್ಗ ತಾಲ್ಲೂಕಿನ ಮಾಡದಕೆರೆ ಹೋಬಳಿಯಲ್ಲಿ ಅಂಥವರು ಎಷ್ಟು ಮಂದಿಯೋ, ನನಗೆ ಒಬ್ಬರು ಸಾಕಾಗಿದ್ದಾರೆ. ಅವರು ನಮ್ಮ ಅಕ್ಕನ ಗಂಡ.

ಭಾವನದು ತೆಂಗು, ಅಡಿಕೆ, ಈಚೆಗೆ ಒಂದಿಷ್ಟು ದಾಳಿಂಬೆ. ಅಡಿಕೆಗೆ ಒಳ್ಳೇ ರೇಟು ಸಿಕ್ಕಿದ್ದೇ ತಡ, ಮಹೀಂದ್ರ ಎಕ್ಸ್‌ಯುವಿ700 ಬುಕ್ ಮಾಡಿ, ತಿಂಗಳುಗಟ್ಟಲೆ ಕಾದು ಮನೆಗೆ ತಂದರು. ಅದೂ ಟಾಪ್ ಮಾಡೆಲ್ಲೇ. ಯಾಕೆಂದರೆ ಸೋನಿಯವರ 12 ಸ್ಪೀಕರು ಬರುವುದು ಅದರಲ್ಲಿ. ಏರ್‌ಬ್ಯಾಗ್ ಎಷ್ಟಿವೆ ಭಾವ ಎಂದರೆ, ‘ಇರ್ತವೆ ಬಿಡಪ್ಪ’ ಎಂದರು. ಸ್ಪೀಕರುಗಳ ಲೆಕ್ಕ ಮಾತ್ರ ಬಾಯಿಪಾಠ: ಡ್ಯಾಶ್‌ಬೋರ್ಡಿನಲ್ಲಿ, ಬಾಗಿಲುಗಳಲ್ಲಿ, ನೆತ್ತಿಯ ಮೇಲೆ ಟಾಪಿನಲ್ಲಿ ಕೂಡ. ತೋಟದ ಕೆಲಸಕ್ಕೆ ಬಂದ ಆಳುಗಳೂ ಮಧ್ಯಾಹ್ನದ ಊಟಕ್ಕೆ ಮುಂಚೆ ಒಮ್ಮೆ ಈ ದರ್ಶನ ಮುಗಿಸಬೇಕು.

ಹಳೇ ಕಾರಿಗೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ದೊಡ್ಡದೊಂದು ಡಬ್ಬ ಹಾಕಿಸಿಕೊಂಡು ಬಂದಿದ್ದರು. ಡಿಕ್ಕಿಯಲ್ಲಿ ಒಂದು ತೆಂಗಿನಕಾಯಿಗೂ ಜಾಗವಿಲ್ಲ. ಹಾಡು ಶುರುವಾದರೆ ನಂಬರ್ ಪ್ಲೇಟು ತಾಳ ಹಾಕುತ್ತಿತ್ತು. ಈಗ ಅಂಥ ಕಾರು ಎದುರು ಸಿಕ್ಕರೆ ಭಾವ ತುಟಿ ಕಚ್ಚಿ, ‘ಪಾಪ, ಹೊರಗಡೆ ಹಾಕ್ಸಿದ್ದು’ ಎನ್ನುತ್ತಾರೆ. ಆಮೇಲೆ ಸ್ಟೇರಿಂಗ್ ಸವರಿ, ‘ಇದು ಕಂಪ್ನಿ ಫಿಟ್ಟಿಂಗು. ಒಂದು ವೈರೂ ಕಟ್ ಮಾಡಿಲ್ಲ.’

ಆ ಕಾರು ಹತ್ತಿದವರು ಮೊದಲು ಮಾಡಬೇಕಾದದ್ದು ಬೆಲ್ಟು ಹಾಕುವುದಲ್ಲ, ಗ್ಲಾಸು ಏರಿಸುವುದು. ಗಾಳಿಯ ಶಬ್ದ ಅಡ್ಡ ಬರುತ್ತದೆಂದು ಏಸಿಯ ಫ್ಯಾನೂ ಒಂದಕ್ಕೆ ಇಳಿಯುತ್ತದೆ. ಹೊರಗೆ ನಮ್ಮ ಸೀಮೆಯ ಮೇ ತಿಂಗಳ ಬಿಸಿಲು, ಒಳಗೆ ಬೆವರು, ನೆತ್ತಿಯ ಮೇಲಿಂದ ಪಿಟೀಲು. ಹಾಡು ಹತ್ತು ಸೆಕೆಂಡು ಓಡುತ್ತಿದ್ದಂತೆ ಪರೀಕ್ಷೆ ಶುರು.

‘ಕೇಳಿಸ್ತಾ?’

‘ಹೂಂ ಭಾವ.’

‘ಏನು ಕೇಳಿಸ್ತು?’

‘ಹಾಡು.’

‘ಹಾಡು ಎಲ್ಲಾರ್ಗೂ ಕೇಳಿಸ್ತೈತಪ್ಪ. ತಬಲ ಎಲ್ಲಿಂದ ಬಂತು ಹೇಳು.’

ತಬಲ ಎಲ್ಲಿಂದ ಬಂತೆಂದು ನಾನು ಅತ್ತಿತ್ತ ಕತ್ತು ತಿರುಗಿಸುವಷ್ಟರಲ್ಲಿ ಪಲ್ಲವಿ ಮುಗಿದು ಮುಂದಿನ ಹಾಡು. ಅವರ ಕಾರಿನಲ್ಲಿ ಚರಣ ಕೇಳಿದ ನರಪಿಳ್ಳೆ ಇಲ್ಲ. ಹೊಸದುರ್ಗ ಮುಟ್ಟುವುದರೊಳಗೆ ಇಪ್ಪತ್ತು ಪಲ್ಲವಿ ಆಗಿರುತ್ತದೆ, ಮನೆಗೆ ಬಂದಾಗ ತಲೆಯೊಳಗೆ ಯಾವ ಹಾಡೂ ಪೂರ್ತಿಯಾಗಿ ನಿಂತಿರುವುದಿಲ್ಲ.

ಅದಕ್ಕಿಂತ ಮಜಾ ಎಂದರೆ ಅವರು ಡೆಮೊಗೆ ಆರಿಸುವ ಹಾಡು. ದುರ್ಗದವರಾಗಿ ‘ನಾಗರಹಾವು’ ಬಿಡಲಾಗುತ್ತದೆಯೇ? ಕಾದಂಬರಿ ನಮ್ಮ ತ.ರಾ.ಸು. ಅವರದು, ಶೂಟಿಂಗು ನಮ್ಮ ಕೋಟೆಯಲ್ಲಿ, ಸಂಗೀತ ವಿಜಯಭಾಸ್ಕರ್. ಎಲ್ಲ ಸರಿ. ಆದರೆ ಸಿನಿಮಾ 1972ರದು. ಆ ಕಾಲದ ನಮ್ಮ ಹಾಡುಗಳು ಮಾನೊ. ಗಾಯಕರು, ಪಿಟೀಲು, ತಬಲ, ಕೊಳಲು ಎಲ್ಲ ಸೇರಿ ಕೊನೆಗೆ ಉಳಿಯುತ್ತಿದ್ದುದು ಒಂದೇ ಟ್ರ್ಯಾಕು. ಅದನ್ನು ಹನ್ನೆರಡು ಸ್ಪೀಕರಿಗೆ ಕೊಟ್ಟರೆ ಹನ್ನೆರಡೂ ಅದನ್ನೇ ಹೇಳುತ್ತವೆ. ಕಾರಿನೊಳಗಿನ ಕಂಪ್ಯೂಟರು ಒಂದು ಸ್ಪೀಕರಿಗೆ ಚೂರು ತಡವಾಗಿ, ಇನ್ನೊಂದಕ್ಕೆ ಚೂರು ಮೆಲ್ಲಗೆ ಕಳಿಸಿ ಹರಡಿದಂತೆ ಮಾಡೀತು. ತಬಲವನ್ನು ಬಿಡಿಸಿ ಹಿಂದಿನ ಬಾಗಿಲಿಗೆ ಕೂರಿಸುವುದು ಅದರ ಕೈಲೂ ಆಗುವ ಕೆಲಸವಲ್ಲ. ಬೆಂಗಳೂರಿನಲ್ಲಿ ಎಂಜಿನಿಯರ್ ಆಗಿರುವ ಅವರ ಮಗ ಇದನ್ನು ಬಿಡಿಸಿ ಹೇಳಿದ. ‘ನೀನು ಓದಿದ್ದು ಸಿವಿಲ್ಲು’ ಎಂದು ಭಾವ ಬಾಯಿ ಮುಚ್ಚಿಸಿದರು.

2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತಲ್ಲ, ಆ ದಿನದ ಕಥೆ ಹೇಳದಿದ್ದರೆ ಭಾವನ ಚಿತ್ರ ಪೂರ್ತಿಯಾಗದು. 1907ರಲ್ಲಿ ಕಟ್ಟಿ ಮುಗಿಸಿದ ಆ ಡ್ಯಾಮು 1933ರಲ್ಲಿ ಒಮ್ಮೆ 135 ಅಡಿ ತುಂಬಿ ಕೋಡಿ ಹರಿದಿತ್ತು. ಆಮೇಲೆ 89 ವರ್ಷ ಅದರ ಸುದ್ದಿಯೇ ಇಲ್ಲ. ನಮ್ಮಜ್ಜಿ ಹೇಳುತ್ತಿದ್ದ ಆ ಕೋಡಿಯನ್ನು ನಾವೂ ಕಣ್ಣಾರೆ ಕಾಣುವಂತಾಯಿತಲ್ಲ ಎಂದು ಮೂರು ಜಿಲ್ಲೆಯ ಜನ ಹಿರಿಯೂರಿನ ಕಡೆ ಮುಖ ಮಾಡಿದ್ದರು. ಭಾವನ ಕಾರಿನಲ್ಲಿ ನಾವೂ ಹೋದೆವು. ವೇದಾವತಿ ಭೋರ್ಗರೆಯುತ್ತಿದ್ದಾಳೆ, ಅಕ್ಕ ಅರಿಶಿನ ಕುಂಕುಮ ತೆಗೆದು ಕೈಮುಗಿಯುತ್ತಿದ್ದಾಳೆ. ಭಾವ ನೀರು ನೋಡಲೇ ಇಲ್ಲ. ಮೊಬೈಲು ಎತ್ತಿ ಹಿಡಿದು, ನೆಟ್ಟಗೆ ನಿಂತು, ಶಬ್ದ ರೆಕಾರ್ಡ್ ಮಾಡಿಕೊಂಡರು. ಆಮೇಲೆ ಎಲ್ಲರನ್ನೂ ಕಾರಿಗೆ ಕರೆದರು. ಗ್ಲಾಸು ಏರಿತು. ಬ್ಲೂಟೂತ್ ಸೇರಿತು.

‘ರೀ, ನೀರು ಅಲ್ಲೇ ಹರೀತೈತಲ್ಲ!’ ಎಂದಳು ಅಕ್ಕ.

‘ಅಲ್ಲಿ ಒಂದೇ ಕಡೆಯಿಂದ ಬರ್ತೈತೆ ಕಣೆ. ಇಲ್ಲಿ ಸುತ್ತ ಬರ್ತೈತೆ.’

ಸುತ್ತ ಬಂತು. ಮೊದಲು ಗೊರ್ರೆನ್ನುವ ಗಾಳಿ. ಆಮೇಲೆ ಕಡ್ಲೇಕಾಯಿ ಮಾರುವವನ ಕೂಗು. ಅದರ ಹಿಂದೆಯೇ, ಬಾಗಿಲು ನೆತ್ತಿ ಡ್ಯಾಶ್‌ಬೋರ್ಡು ಎಂದು ಬಿಡದೆ ಎಲ್ಲ ಕಡೆಯಿಂದಲೂ, ನಾನು ಅಕ್ಕನ ಕಿವಿಯಲ್ಲಿ ಹೇಳಿದ ಮಾತು: ‘ಭಾವಂಗೆ ತಲೆ ಕೆಟ್ಟೈತೆ.’

ಸೀಟಿನಡಿ ತೂರಲು ಜಾಗ ಹುಡುಕಿದೆ. ಭಾವ ನನ್ನ ಕಡೆ ತಿರುಗಿದರು. ಮುಖ ಅರಳಿತ್ತು.

‘ನೋಡಿದ್ಯಾ ಕ್ಲಿಯರು! ನಿನ್ನ ವಾಯ್ಸು ಹಿಂಗೆ ಕೇಳಿದ್ದು ಇದೇ ಫಸ್ಟು.’

ಅದನ್ನು ಕುಹಕ ಎಂದೇ ತಿಳಿದು ಊರಿಗೆ ಬಂದೆ. ರಾತ್ರಿ ರೊಟ್ಟಿ ತಟ್ಟುತ್ತಾ ಅಕ್ಕ ಹೇಳಿದಳು. ಚಿಕ್ಕ ವಯಸ್ಸಿನಲ್ಲಿ ಕಿವಿ ಸೋರಿ ಸೋರಿ ಅವರ ಎಡಗಿವಿ ಪೂರ್ತಿ ಹೋಗಿದೆಯಂತೆ. ಮದುವೆಗೆ ಮುಂಚೆ ಯಾರೂ ಹೇಳಲಿಲ್ಲ, ಆಮೇಲೆ ಹೇಳುವಂಥದ್ದು ಏನಿದೆ ಎಂದು ಅವಳೂ ಸುಮ್ಮನಾದಳಂತೆ. ಶಬ್ದ ಯಾವ ದಿಕ್ಕಿನದು ಎಂದು ನಮಗೆ ತಿಳಿಯುವುದು ಎರಡು ಕಿವಿಗೂ ಅದು ಬಂದು ಮುಟ್ಟುವ ಹೊತ್ತಿನ ವ್ಯತ್ಯಾಸದಿಂದ. ಸೆಕೆಂಡಿನ ಸಾವಿರದಲ್ಲೊಂದು ಪಾಲೂ ಇಲ್ಲದ ವ್ಯತ್ಯಾಸ. ಒಂದೇ ಕಿವಿಯವರಿಗೆ ಆ ಲೆಕ್ಕವಿಲ್ಲ. ತೋಟದಲ್ಲಿ ಬಾವಿಯ ಕಡೆಯಿಂದ ಕೂಗಿದರೆ ಭಾವ ಬೇಲಿಯ ಕಡೆ ನೋಡುವುದನ್ನು ನೆಂಟರೆಲ್ಲ ಕೂತು ಆಡಿಕೊಂಡಿದ್ದೇವೆ. ಸ್ಟೇರಿಂಗು ಬಲಕ್ಕೆ, ನಾನು ಕೂರುವುದು ಎಡಕ್ಕೆ. ‘ಸೌಂಡು ಕಮ್ಮಿ ಮಾಡಿ ಭಾವ’ ಎಂದು ನಾನು ಇಷ್ಟು ದಿನ ಗೋಗರೆದದ್ದೆಲ್ಲ ಆ ಎಡಗಿವಿಗೆ.

ಇಷ್ಟು ಗೊತ್ತಾದ ಮೇಲೆ ಅವರ ಕಾಟವೇನೂ ಕಮ್ಮಿಯಾಗಿಲ್ಲ. ಗ್ಲಾಸು ಏರುತ್ತದೆ, ಬೆವರು ಇಳಿಯುತ್ತದೆ, ಚರಣ ಇನ್ನೂ ಬಂದಿಲ್ಲ. ಆದರೆ ‘ತಬಲ ಎಲ್ಲಿಂದ ಬಂತು?’ ಎಂದರೆ ಈಗ ತಡವರಿಸುವುದಿಲ್ಲ. ಅವರ ಕಡೆ ಬಾಗಿ, ಗಟ್ಟಿಯಾಗಿ, ‘ಹಿಂದೆ ಎಡಗಡೆ ಬಾಗಿಲು ಭಾವ, ಕೊಳಲು ಟಾಪಿನಿಂದ, ಪಿಟೀಲು ನಿಮ್ಮ ಹಿಂದಿನ ಸೀಟಿನಿಂದ’ ಎಂದು ವಿವರವಾಗಿ ವರದಿ ಒಪ್ಪಿಸುತ್ತೇನೆ. 1972ರ ಒಂದೇ ಟ್ರ್ಯಾಕಿನಿಂದ ಇಷ್ಟು ವಾದ್ಯ ಬಿಡಿಸಿ ಕೂರಿಸಿದವನು ವಾದ್ಯಗಾರರ ಪೈಕಿಯೂ ಇರಲಾರ. ಭಾವ ಗಂಭೀರವಾಗಿ ತಲೆದೂಗಿ, ‘ಅದೇ ನಾನೂ ಅಂದ್ಕೊಂಡೆ’ ಎನ್ನುತ್ತಾರೆ.

ಇದರಿಂದ ಒಂದು ತೊಂದರೆಯಾಗಿದೆ. ನನ್ನ ಕಿವಿಯ ಖ್ಯಾತಿ ಹಬ್ಬಿದೆ. ಭೀಮಸಮುದ್ರದ ಅಡಿಕೆ ವ್ಯಾಪಾರಿಯೊಬ್ಬರು ಎಂಟೇ ಸ್ಪೀಕರಿನ ಬೋಸ್ ಹಾಕಿದ ಕಾರು ತಗೊಂಡಿದ್ದಾರಂತೆ, ಅದೇ ಮೇಲು ಅಂತ ವಾದ ಮಾಡುತ್ತಾರಂತೆ. ನಿನ್ನೆ ಭಾವನ ಫೋನು ಬಂತು. ‘ಭಾನುವಾರ ಖಾಲಿ ಇಟ್ಕೊ. ಎರಡೂ ಕಾರಲ್ಲಿ ಕೂತು ತಬಲ ಎಲ್ಲೈತೆ ಅಂತ ನೀನೇ ಹೇಳ್ಬೇಕು. ನಿನ್ನ ಮಾತೇ ಫೈನಲ್ ಅಂತ ಹೇಳಿ ಬಂದಿದೀನಿ.’

ನಾನು ಹೂಂ ಅಂದೆ. ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಗಟ್ಟಿಯಾಗಿ ಅಂದೆ.

‘ಯಾಕೆ ಕಿರಿಚ್ಕೋತೀಯ?’ ಎಂದರು ಭಾವ. ‘ಫೋನು ಕಾರಿಗೆ ಕನೆಕ್ಟ್ ಆಗೈತೆ.’